ನೀವು ಕೇಳಿದಿರಿ: ಮನುಷ್ಯ ಎಲ್ಲಿಯವರೆಗೆ ಬೆಳೆಯುತ್ತಾನೆ?

ಈ ಸಂಚಿಕೆಗಾಗಿ ಆರಿಸಿಕೊಂಡ ಪತ್ರಗಳಲ್ಲಿ ಕಾಣಿಸಿಕೊಳ್ಳುವವರಲ್ಲಿ ಅತಿ ಕಿರಿಯರಿಗೆ 8 ತಿಂಗಳು, ಅತಿ ಹಿರಿಯರಿಗೆ 76 ವರ್ಷ. ಪ್ರಶ್ನೆಗಳು ಬೇರೆಬೇರೆಯಾದರೂ ಹೆಚ್ಚಿನವುಗಳ ಒಳಗಿರುವ ಆತಂಕ ಒಂದೇ: ‘ಈ ವಯಸ್ಸಿಗೆ ಇಷ್ಟು ಆಗಿರಬೇಕಿತ್ತಲ್ಲ?’ ವಯಸ್ಸನ್ನು ಎಣಿಸುವುದು ಸುಲಭ. ಆದರೆ ಮೂಳೆ, ಮಿದುಳು, ಮಾತು, ಸ್ನಾಯು ಇವುಗಳಲ್ಲಿ ಯಾವುದೂ ಕ್ಯಾಲೆಂಡರನ್ನು ನೋಡಿಕೊಂಡು ಬೆಳೆಯುವುದಿಲ್ಲ, ಒಂದು ಇನ್ನೊಂದಕ್ಕಾಗಿ ಕಾಯುವುದೂ ಇಲ್ಲ. ಉತ್ತರಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಪ್ರಶ್ನೆ: ನನ್ನ ಮಗಳಿಗೆ 8 ತಿಂಗಳು ತುಂಬಿದೆ. ಹುಟ್ಟಿದಾಗ 2.8 ಕಿಲೋ ಇದ್ದಳು. 4ನೇ ತಿಂಗಳಲ್ಲಿ 5.7, 6ನೇ ತಿಂಗಳಲ್ಲಿ 6.5, ಈಗ 7 ಕಿಲೋ. ತೂಕದ ನಕ್ಷೆಯಲ್ಲಿ ಅವಳು ನಡುಗೆರೆಗಿಂತ ಕೆಳಗೇ ಇದ್ದಾಳೆ. ಮೊದಲು ತಿಂಗಳಿಗೆ ಮುಕ್ಕಾಲು ಕಿಲೋ ಹೆಚ್ಚುತ್ತಿದ್ದವಳು ಈಗ ಕಾಲು ಕಿಲೋ ಮಾತ್ರ ಹೆಚ್ಚುತ್ತಿದ್ದಾಳೆ. ಅವಳಿಗೆ ನನ್ನ ಹಾಲು ಸಾಲುತ್ತಿಲ್ಲವೇ?

ಉತ್ತರ: ನೀವು ಕೊಟ್ಟ ನಾಲ್ಕು ಅಂಕಿಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದೆ. ನಾಲ್ಕು ಚುಕ್ಕೆಗಳೂ ಹೆಚ್ಚುಕಡಿಮೆ ಒಂದೇ ಗೆರೆಯನ್ನು, ಅಂದರೆ 15ನೇ ಪರ್ಸೆಂಟೈಲ್ ಗೆರೆಯನ್ನು ಹಿಡಿದು ಸಾಗಿವೆ. ಆರೋಗ್ಯವಾಗಿರುವ ನೂರು ಹೆಣ್ಣುಮಕ್ಕಳನ್ನು ತೂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳ ಹಿಂದೆ ಸುಮಾರು ಹದಿನೈದು ಮಕ್ಕಳಿರುತ್ತಾರೆ ಎಂಬುದಷ್ಟೇ ಇದರ ಅರ್ಥ. ನಡುಗೆರೆ ಎಂದರೆ ಪಾಸಾಗಲು ಬೇಕಾದ ಅಂಕವಲ್ಲ. ಆರೋಗ್ಯವಂತ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆ ಗೆರೆಯ ಕೆಳಗೇ ಇರಬೇಕು, ಇಲ್ಲದಿದ್ದರೆ ಅದು ನಡುಗೆರೆಯಾಗುವುದೇ ಇಲ್ಲ.

ತೂಕ ಏರುವ ವೇಗ ತಗ್ಗಿರುವುದೂ ಸಹಜವೇ. ಮನುಷ್ಯ ತನ್ನ ಆಯುಷ್ಯದಲ್ಲಿ ಹುಟ್ಟಿದ ಮೇಲಿನ ಮೊದಲ ಕೆಲವು ತಿಂಗಳುಗಳಷ್ಟು ವೇಗವಾಗಿ ಮತ್ತೆಂದೂ ಬೆಳೆಯುವುದಿಲ್ಲ. ಮಗು ಹುಟ್ಟಿದ ತೂಕದ ಎರಡರಷ್ಟಾಗಲು ಸುಮಾರು 5 ತಿಂಗಳು ಸಾಕು. ಮೂರರಷ್ಟಾಗಲು ಒಂದು ವರ್ಷ ಬೇಕು. ಉದ್ದವೂ ಹಾಗೆಯೇ: ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷ ಅದರ ಅರ್ಧ, ಆಮೇಲೆ ಹರೆಯದವರೆಗೂ ವರ್ಷಕ್ಕೆ 5ರಿಂದ 7 ಸೆಂಟಿಮೀಟರ್. ಮೊದಲಿನ ಓಟವೇ ಮುಂದುವರಿಯಲಿ ಎಂದು ಬಯಸಿದರೆ, ಶಾಲೆ ಸೇರುವ ವೇಳೆಗೆ ಮಗು ಬಾಗಿಲಿನಲ್ಲಿ ತಲೆ ಬಗ್ಗಿಸಿ ಬರಬೇಕಾದೀತು.

ಆತಂಕಪಡಬೇಕಾದ ಸಂದರ್ಭ ಬೇರೆ. 50ನೇ ಗೆರೆಯ ಮೇಲಿದ್ದ ಮಗು ಕೆಲವೇ ತಿಂಗಳಲ್ಲಿ 15ನೇ ಗೆರೆಗೆ, ಅಲ್ಲಿಂದ 3ನೇ ಗೆರೆಗೆ ಜಾರಿದರೆ, ಅಥವಾ ತೂಕ ನಿಂತ ಬಳಿಕ ಉದ್ದವೂ ತಲೆಯ ಸುತ್ತಳತೆಯೂ ನಿಧಾನವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಚುಕ್ಕೆ ಎಲ್ಲಿದೆ ಎಂಬುದಕ್ಕಿಂತ ಯಾವ ಕಡೆಗೆ ಹೋಗುತ್ತಿದೆ ಎಂಬುದು ಮುಖ್ಯ. ನೀವು ಬಳಸುತ್ತಿರುವ ನಕ್ಷೆ ಯಾವುದೆಂದೂ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ಎದೆಹಾಲು ಕುಡಿದು ಬೆಳೆದ ಮಕ್ಕಳ ಅಳತೆಗಳಿಂದ ರೂಪಿಸಲಾಗಿದೆ. ಬಾಟಲಿ ಹಾಲಿನ ಮಕ್ಕಳೇ ಹೆಚ್ಚಾಗಿದ್ದ ಹಳೆಯ ನಕ್ಷೆಗಳಲ್ಲಿ ಎದೆಹಾಲಿನ ಮಗು ಮೊದಲ ವರ್ಷದ ಉತ್ತರಾರ್ಧದಲ್ಲಿ ಹಿಂದೆ ಬಿದ್ದಂತೆ ತೋರುತ್ತಿತ್ತು. ಆ ಕಾರಣಕ್ಕೇ ಎಷ್ಟೋ ತಾಯಂದಿರು ‘ಹಾಲು ಸಾಲದು’ ಎಂಬ ಮಾತು ಕೇಳಬೇಕಾಯಿತು. ನಿಮ್ಮ ಮಗಳ ವಯಸ್ಸಿಗೆ ಎದೆಹಾಲಿನ ಜೊತೆಗೆ ಮೆತ್ತಗಿನ ಘನ ಆಹಾರವೂ ಬೇಕು. ಅದು ನಡೆಯುತ್ತಿದ್ದರೆ ತಕ್ಕಡಿಯನ್ನು ತಿಂಗಳಿಗೊಮ್ಮೆಗಿಂತ ಹೆಚ್ಚು ಹತ್ತಿಸುವ ಅಗತ್ಯವಿಲ್ಲ.

ಪ್ರಶ್ನೆ: ಮಗನಿಗೆ 14 ತಿಂಗಳು. ಇನ್ನೂ ನಡೆಯುತ್ತಿಲ್ಲ. ಅಂಬೆಗಾಲನ್ನೂ ಇಡಲಿಲ್ಲ, ಕುಳಿತಲ್ಲಿಂದಲೇ ಕುಂಡೆಯ ಮೇಲೆ ಜಾರುತ್ತಾ ಮನೆಯೆಲ್ಲ ಸುತ್ತುತ್ತಾನೆ. ಇದೇ ವಯಸ್ಸಿನ ಇನ್ನೊಂದು ಮಗು 10 ತಿಂಗಳಿಗೇ ನಡೆದಿತ್ತು.

ಉತ್ತರ: ಬೇರೆಬೇರೆ ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಪ್ರಕಾರ, ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಆರಂಭವಾಗಬಹುದು. ಎರಡು ತುದಿಗಳ ನಡುವಿನ ಅಂತರವನ್ನು ಗಮನಿಸಿ: ಒಂಬತ್ತು ತಿಂಗಳಿಗೂ ಹೆಚ್ಚು! ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಗೈ ಮತ್ತು ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ಕುಳಿತೇ ಜಾರುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ಸ್ವಲ್ಪ ತಡ. ಹೋಗಬೇಕಾದಲ್ಲಿಗೆ ಹೋಗಲು, ಅದೂ ಒಂದು ಕೈ ಬಿಡುವಾಗಿರುವಂತೆ, ಅವರಿಗೊಂದು ಉಪಾಯ ಸಿಕ್ಕಿಬಿಟ್ಟಿರುತ್ತದೆ. ಎದ್ದು ನಿಲ್ಲುವ ತುರ್ತೇನೂ ಅವರಿಗಿರುವುದಿಲ್ಲ.

ಹತ್ತು ತಿಂಗಳಿಗೆ ನಡೆದ ಮಗು ಮುಂದೆ ಹೆಚ್ಚು ಬುದ್ಧಿವಂತನಾಗುತ್ತಾನೆ ಎಂಬುದಕ್ಕೂ ಆಧಾರವಿಲ್ಲ. ನಿಮ್ಮ ಮಗ ಏನನ್ನಾದರೂ ಹಿಡಿದುಕೊಂಡು ಎದ್ದು ನಿಲ್ಲುತ್ತಾನೆಯೇ, ಎರಡೂ ಕೈಗಳನ್ನು, ಎರಡೂ ಕಾಲುಗಳನ್ನು ಸಮನಾಗಿ ಬಳಸುತ್ತಾನೆಯೇ, ಹೆಸರು ಕರೆದರೆ ತಿರುಗಿ ನೋಡುತ್ತಾನೆಯೇ, ಬೇಕಾದುದನ್ನು ಬೆರಳು ತೋರಿಸಿ ಕೇಳುತ್ತಾನೆಯೇ ಎಂಬುದನ್ನು ಗಮನಿಸಿ. ಒಂದೇ ಪಕ್ಕದ ಕೈಕಾಲುಗಳನ್ನು ಮಾತ್ರ ಬಳಸುತ್ತಿದ್ದರೆ, ಮೈ ತೀರ ಬಿಗಿಯಾಗಿ ಅಥವಾ ತೀರ ಸಡಿಲವಾಗಿ ತೋರಿದರೆ, 18 ತಿಂಗಳಾದರೂ ನಡೆಯದಿದ್ದರೆ, ಎಲ್ಲಕ್ಕಿಂತ ಹೆಚ್ಚಾಗಿ ಕಲಿತಿದ್ದ ವಿದ್ಯೆಯನ್ನು ಬಿಟ್ಟುಬಿಟ್ಟರೆ, ‘ತಾನಾಗಿ ಸರಿಹೋಗುತ್ತದೆ’ ಎಂದು ಕಾಯಬಾರದು. ಅವಧಿಗೆ ಮೊದಲೇ ಹುಟ್ಟಿದ ಮಗುವಾಗಿದ್ದರೆ ಎರಡು ವರ್ಷದವರೆಗೆ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಗಾಲಿಯಿರುವ ವಾಕರ್ ತರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅದು ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುತ್ತದೆ.

ಪ್ರಶ್ನೆ: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ಹೇಳುತ್ತಾರೆ. ಕಲಿಯಬೇಕಾದುದನ್ನೆಲ್ಲ ಮೊದಲ ಮೂರು ವರ್ಷಗಳಲ್ಲೇ ಕಲಿಸಬೇಕು, ಆಮೇಲೆ ಮಿದುಳಿನ ಬಾಗಿಲು ಮುಚ್ಚುತ್ತದೆ ಎಂದು ಒಂದು ಕಾರ್ಯಕ್ರಮದಲ್ಲಿ ಕೇಳಿದೆ. ಇದು ನಿಜವೇ?

ಉತ್ತರ: ಕೆಲವು ಬಾಗಿಲುಗಳ ಮಟ್ಟಿಗೆ ನಿಜ. ಆದರೆ ಆ ಬಾಗಿಲುಗಳು ಯಾವುವು ಎಂದು ಹೇಳದೆ ಹೆದರಿಸುವವರ ಬಗ್ಗೆ ನನಗೆ ಬೇಸರವಿದೆ.

ಬಾಗಿಲು ನಿಜವಾಗಿಯೂ ಮುಚ್ಚುವುದಕ್ಕೆ ಉತ್ತಮ ಉದಾಹರಣೆ ಕಣ್ಣು. ಮಗು ದಟ್ಟವಾದ ಕಣ್ಣಿನ ಪೊರೆಯೊಂದಿಗೆ ಹುಟ್ಟಿದರೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕು. ಅದೇ ಪೊರೆ ಎಪ್ಪತ್ತರ ಹಿರಿಯರಿಗೆ ಬಂದರೆ ಒಂದೆರಡು ವರ್ಷ ಬಿಟ್ಟು ತೆಗೆಸಿದರೂ ದೃಷ್ಟಿ ಮರಳುತ್ತದೆ. ಮಗುವಿನಲ್ಲಿ ಅಷ್ಟು ತಡವಾದರೆ ಕಣ್ಣು ಸರಿಯಾಗಿದ್ದರೂ ನೋಡುವುದನ್ನು ಕಲಿಯಬೇಕಾದ ಮಿದುಳಿನ ಭಾಗ ಆ ಕಣ್ಣನ್ನು ಕೈಬಿಟ್ಟಿರುತ್ತದೆ. ಇದರ ಹಿಂದಿನ ನರವ್ಯವಸ್ಥೆಯನ್ನು ಬೆಕ್ಕಿನ ಮರಿಗಳಲ್ಲಿ ತೋರಿಸಿಕೊಟ್ಟ ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಭಾಷೆಯ ಬಾಗಿಲು ಹಾಗಲ್ಲ, ಅದು ನಿಧಾನವಾಗಿ ಕಿರಿದಾಗುತ್ತದೆ. ‘ಟ’ ಮತ್ತು ‘ತ’ ನಡುವಿನ ವ್ಯತ್ಯಾಸ ನಮಗೆ ಹಗಲು ರಾತ್ರಿಯಷ್ಟು ಸ್ಪಷ್ಟ. ಇಂಗ್ಲಿಷ್ ಮಾತ್ರ ಬಲ್ಲ ವಯಸ್ಕರ ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ಇಂಥದೇ ಧ್ವನಿಗಳನ್ನು ಕೇಳಿಸಿ ಪರೀಕ್ಷಿಸಿದರು. 6ರಿಂದ 8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ವ್ಯತ್ಯಾಸವನ್ನು ಹಿಡಿದವು. 10ರಿಂದ 12 ತಿಂಗಳಾದವುಗಳಲ್ಲಿ ಬಹುತೇಕ ಯಾವುವೂ ಹಿಡಿಯಲಿಲ್ಲ. ಮೊದಲ ಮಾತು ಆಡುವ ಮುನ್ನವೇ ಮಗು ತನ್ನ ಸುತ್ತಲಿನ ಭಾಷೆಗೆ ಬೇಡದ ಧ್ವನಿಭೇದಗಳನ್ನು ಬದಿಗಿರಿಸಲು ತೊಡಗಿರುತ್ತದೆ. ಇದು ನಷ್ಟವೆಂದು ತೋರಿದರೂ ಬೆಳವಣಿಗೆಯೇ, ಏಕೆಂದರೆ ಬೇಡದ್ದನ್ನು ಕಿವಿಯಿಂದ ಇಳಿಸಿದ ಮೇಲೆಯೇ ಬೇಕಾದುದು ಚುರುಕಾಗುತ್ತದೆ. ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ ಇನ್ನೊಂದು ಸಂಗತಿಯನ್ನು ಪುಟ್ಟ ಮಕ್ಕಳಿಗಾಗಿ ‘ಕಲಿಕೆಯ ವಿಡಿಯೊ’ ಕೊಳ್ಳುವ ಮೊದಲು ತಿಳಿದಿರುವುದು ಒಳ್ಳೆಯದು: ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಂದಿಗೆ ಚೀನಾದ ಮ್ಯಾಂಡರಿನ್ ಭಾಷಿಕರು ಎದುರು ಕುಳಿತು ಆಡಿ ಮಾತನಾಡಿದಾಗ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು, ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂದಾಗ ಏನನ್ನೂ ಕಲಿಯಲಿಲ್ಲ.

ಗಾದೆ ಸೋಲುವ ಕಡೆಯೂ ಇದೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ಈ ತರಬೇತಿಗೆ ಸೇರಿದವರನ್ನು ಕೆಲವು ವರ್ಷ ಹಿಂಬಾಲಿಸಿದ ಎಲೆನರ್ ಮಗ್ವೈರ್ ಅವರ ತಂಡ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಮಿದುಳಿನಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿದ್ದುದನ್ನು 2011ರಲ್ಲಿ ವರದಿ ಮಾಡಿತು. ಅವರೆಲ್ಲ ಬೆಳೆದು ನಿಂತ ‘ಮರಗಳೇ’ ಆಗಿದ್ದರು. ನಿಮ್ಮ ಮಗುವಿನ ಮೊದಲ ಮೂರು ವರ್ಷಗಳಿಗೆ ಬೇಕಾದುದು ಪಾಠಪಟ್ಟಿಯಲ್ಲ. ಮಗು ‘ಬಾ ಬಾ’ ಎಂದಾಗ ತಿರುಗಿ ‘ಬಾ ಬಾ’ ಎನ್ನುವ, ಕೈಗೆ ಸಿಗುವ ಒಬ್ಬರಿಬ್ಬರು ದೊಡ್ಡವರು.

ಪ್ರಶ್ನೆ: ನನಗೆ ಹದಿಮೂರೂವರೆ ವರ್ಷ. ತರಗತಿಯಲ್ಲಿ ನಾನೇ ಗಿಡ್ಡ. ಹುಡುಗಿಯರೆಲ್ಲ ನನಗಿಂತ ಎತ್ತರ. ಕಂಬಿಗೆ ನೇತಾಡಿದರೆ ಎತ್ತರವಾಗಬಹುದೇ? ಜಾಹೀರಾತಿನಲ್ಲಿ ಬರುವ ಪುಡಿ ತೆಗೆದುಕೊಳ್ಳಬಹುದೇ?

ಉತ್ತರ: ಪ್ರಿಯ ತಮ್ಮಾ, ಮೊದಲು ಹುಡುಗಿಯರ ವಿಷಯ. ಹರೆಯದ ಎತ್ತರದ ಓಟ ಹುಡುಗಿಯರಲ್ಲಿ ತುದಿ ಮುಟ್ಟುವುದು ಸರಾಸರಿ 12ನೇ ವಯಸ್ಸಿಗೆ, ಹುಡುಗರಲ್ಲಿ 14ನೇ ವಯಸ್ಸಿಗೆ. ಅವರು ಓಡಿ ಮುಗಿಸುವ ಹೊತ್ತಿಗೆ ನಿಮ್ಮಲ್ಲಿ ಹಲವರು ಇನ್ನೂ ಹೊರಟಿರುವುದಿಲ್ಲ. ಹೀಗೆ ತಡವಾಗಿ ಹೊರಡುವುದರಿಂದ ಲಾಭವೂ ಇದೆ: ಹುಡುಗರಿಗೆ ಬಾಲ್ಯದ ನಿಧಾನ ಬೆಳವಣಿಗೆಯ ಎರಡು ವರ್ಷಗಳು ಹೆಚ್ಚಾಗಿ ಸಿಗುತ್ತವೆ. ಗಂಡಸರು ಸರಾಸರಿ ಸುಮಾರು 13 ಸೆಂಟಿಮೀಟರ್ ಹೆಚ್ಚು ಎತ್ತರವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ಓಟವನ್ನು ಅಳತೆಪಟ್ಟಿಯಲ್ಲಿ ಮೊದಲು ಹಿಡಿದವನು ಫ್ರಾನ್ಸಿನ ಒಬ್ಬ ತಂದೆ. ಮಾಂಬೆಯಾರ್ ಎಂಬ ಆ ಕೌಂಟ್ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು 1777ರವರೆಗೆ, ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಒಟ್ಟು ಎತ್ತರವನ್ನು ಗುರುತಿಸಿದರೆ ಆ ಅಂಕಿಗಳು ಒಂದು ಸರಳ ಏರುಗೆರೆಯಾಗುತ್ತವೆ. ಪ್ರತಿವರ್ಷ ಎಷ್ಟು ಹೆಚ್ಚಾಯಿತು ಎಂದು ಗುರುತಿಸಿದರೆ ಮಾತ್ರ, ಮೊದಲು ಕಡಿದಾಗಿ ಇಳಿಯುವ, ನಡುವೆ ನಿಧಾನವಾಗಿ ಸಾಗುವ, ಹದಿನಾಲ್ಕರ ಸುಮಾರಿಗೆ ತಟ್ಟನೆ ಗುಡ್ಡದಂತೆ ಎದ್ದು ಮತ್ತೆ ಕುಸಿಯುವ ಗೆರೆ ಕಾಣಿಸುತ್ತದೆ. ನೀನು ಈಗ ನಿಂತಿರುವುದು ಆ ಗುಡ್ಡದ ಬುಡದಲ್ಲಿರಬಹುದು. ಚಪ್ಪಲಿ ಪದೇಪದೇ ಬಿಗಿಯಾಗುತ್ತಿದೆಯೇ ನೋಡು. ಪಾದ ಮೊದಲು, ಕಾಲು ಆಮೇಲೆ, ಮುಂಡ ಕೊನೆಗೆ ಬೆಳೆಯುವುದು ವಾಡಿಕೆ.

ಉದ್ದ ಮೂಳೆಗಳ ತುದಿಯ ಸಮೀಪ ಮೃದ್ವಸ್ಥಿಯ ತೆಳುವಾದ ಪದರವೊಂದಿದೆ. ಎತ್ತರ ಹುಟ್ಟುವುದು ಅಲ್ಲಿ. ಪಿಟ್ಯುಟರಿ ಗ್ರಂಥಿಯಿಂದ, ಹೆಚ್ಚಾಗಿ ಗಾಢ ನಿದ್ರೆಯಲ್ಲಿ ಹೊಮ್ಮುವ ಹಾರ್ಮೋನು ಅದನ್ನು ಬೆಳೆಸುತ್ತದೆ. ಹರೆಯದ ಕೊನೆಯಲ್ಲಿ ಈಸ್ಟ್ರೋಜನ್ ಅದನ್ನು ಮೂಳೆಯಾಗಿಸಿ ಮುಚ್ಚುತ್ತದೆ. ಈಸ್ಟ್ರೋಜನ್ ಹೆಣ್ಣಿನ ಹಾರ್ಮೋನು ಎನ್ನುವುದು ರೂಢಿಯಾದರೂ ಗಂಡಸರಲ್ಲಿಯೂ ಈ ಕೆಲಸ ಅದರದ್ದೇ. ಅದಕ್ಕೆ ಸ್ಪಂದಿಸಲಾಗದ ದೇಹದ 28 ವರ್ಷದ ಗಂಡಸೊಬ್ಬನ ಪ್ರಕರಣ 1994ರಲ್ಲಿ ಪ್ರಕಟವಾದಾಗ ಆತನ ಎತ್ತರ 204 ಸೆಂಟಿಮೀಟರ್ ಇತ್ತು, ಪದರಗಳು ಇನ್ನೂ ಮುಚ್ಚಿರಲಿಲ್ಲ. ಕಂಬಿಗೆ ನೇತಾಡುವುದರಿಂದ ಈ ಪದರಕ್ಕೆ ಏನೂ ಆಗುವುದಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ತುಸು ಹಿಗ್ಗುತ್ತವೆ, ಸಂಜೆಗೆ ಮತ್ತೆ ಕುಗ್ಗುತ್ತವೆ. ರಾತ್ರಿ ಮಲಗಿ ಎದ್ದಾಗಲೂ ಎಲ್ಲರೂ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿಯೇ ಇರುತ್ತಾರೆ. ತೋಳಿನ ಬಲಕ್ಕಾಗಿ ನೇತಾಡು. ಪುಡಿಯ ಹಣ ಉಳಿಸು.

ತಂದೆತಾಯಿಯ ಎತ್ತರಗಳನ್ನು ಕೂಡಿಸಿ, ಹುಡುಗನಾದರೆ 13 ಸೇರಿಸಿ, ಎರಡರಿಂದ ಭಾಗಿಸಿದರೆ ನೀನು ಮುಟ್ಟಬಹುದಾದ ಎತ್ತರದ ಸ್ಥೂಲ ಅಂದಾಜು ಸಿಗುತ್ತದೆ. ಅದಕ್ಕಿಂತ ಎಂಟೊಂಬತ್ತು ಸೆಂಟಿಮೀಟರ್ ಆಚೀಚೆಯಾದರೂ ಸಹಜವೇ. 14 ತುಂಬಿದ ಮೇಲೂ ಹರೆಯದ ಯಾವ ಗುರುತೂ ಕಾಣದಿದ್ದರೆ, ಅಥವಾ ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ, ಅಮ್ಮ ಅಥವಾ ಅಪ್ಪನ ಜೊತೆ ಹೋಗಿ ವೈದ್ಯರನ್ನು ನೋಡು.

ಪ್ರಶ್ನೆ: ಆರು ವರ್ಷದ ಮಗಳು ರಾತ್ರಿ ಕಾಲು ನೋವೆಂದು ಅಳುತ್ತಾಳೆ, ಬೆಳಿಗ್ಗೆ ಕುಣಿಯುತ್ತಾಳೆ. ಇದು ಬೆಳೆಯುವ ನೋವೇ?

ಉತ್ತರ: ಹೆಸರು ಹಾಗಿದೆ, ಆದರೆ ಎತ್ತರದ ಓಟದ ವರ್ಷಗಳಲ್ಲಿ ಈ ನೋವು ಹೆಚ್ಚುವುದಿಲ್ಲ, ಆದ್ದರಿಂದ ಬೆಳವಣಿಗೆಗೂ ಇದಕ್ಕೂ ನಂಟು ಕಾಣುವುದಿಲ್ಲ. ಎರಡೂ ಕಾಲುಗಳಲ್ಲಿ ಬಂದು, ಬೆಳಿಗ್ಗೆ ಪೂರ್ತಿ ಹೋಗುತ್ತಿದ್ದರೆ ನೀವಿ, ಬಿಸಿ ಕೊಟ್ಟು ಸಮಾಧಾನ ಮಾಡಿದರೆ ಸಾಕು. ಒಂದೇ ಕಾಲಿನಲ್ಲಿ ಒಂದೇ ಜಾಗದಲ್ಲಿ ನೋವಿದ್ದರೆ, ಕೀಲು ಊದಿಕೊಂಡರೆ, ಜ್ವರವಿದ್ದರೆ, ಹಗಲಿನಲ್ಲೂ ಕುಂಟುತ್ತಿದ್ದರೆ ತೋರಿಸಲೇಬೇಕು.

ಪ್ರಶ್ನೆ: ನಮ್ಮ 16 ವರ್ಷದ ಮಗ ಮನೆಯಲ್ಲಿ ಕುಳಿತು ಮಾತನಾಡಿದರೆ ನಮಗೇ ಬುದ್ಧಿ ಹೇಳುವಷ್ಟು ಪ್ರಬುದ್ಧ. ಗೆಳೆಯರು ಸೇರಿದರೆ ಹೆಲ್ಮೆಟ್ ಇಲ್ಲದೆ ಮೂವರು ಒಂದೇ ಬೈಕ್ ಏರುತ್ತಾರೆ. ಅವನು ನಮ್ಮೆದುರು ನಟಿಸುತ್ತಿದ್ದಾನೆಯೇ?

ಉತ್ತರ: ನಟನೆಯಲ್ಲ, ಎರಡೂ ಅವನೇ. ಶಾಂತವಾಗಿ ಕುಳಿತು ತರ್ಕಿಸುವ ಶಕ್ತಿ 16ರ ಹೊತ್ತಿಗೆ ದೊಡ್ಡವರ ಸಮೀಪಕ್ಕೆ ಬಂದಿರುತ್ತದೆ. ಉದ್ವೇಗದ ನಡುವೆ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಬರುವುದು ತಡ. ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ಬಳಸದ ನರಸಂಪರ್ಕಗಳನ್ನು ಸವರುವ, ಉಳಿದವುಗಳಿಗೆ ಕೊಬ್ಬಿನ ಹೊದಿಕೆ ಹೊದಿಸಿ ವೇಗ ಹೆಚ್ಚಿಸುವ ಕೆಲಸ ಇಪ್ಪತ್ತರ ದಶಕದ ನಡುವಿನವರೆಗೂ ನಡೆಯುತ್ತಿರುತ್ತದೆ. ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಡಲಾಗಿತ್ತು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಂಟಿಯಾಗಿ ಆಡಿದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರ ಆಟದಲ್ಲಿ ಗೆಳೆಯರ ಇರವು ಅಂಥ ವ್ಯತ್ಯಾಸವನ್ನೇನೂ ಮಾಡಲಿಲ್ಲ.

ಆದ್ದರಿಂದ ಅಪಾಯವನ್ನು ವಿವರಿಸುವ ಉಪದೇಶ ಇಲ್ಲಿ ಹೆಚ್ಚು ಕೆಲಸ ಮಾಡದು, ಅಪಾಯ ಅವನಿಗೆ ಗೊತ್ತೇ ಇದೆ. ಬೈಕಿನ ಕೀಲಿ ಯಾರ ಬಳಿ ಇರಬೇಕು, ತಡವಾದರೆ ಯಾರಿಗೆ ಕರೆ ಮಾಡಬೇಕು, ಕರೆ ಮಾಡಿದರೆ ಆ ಹೊತ್ತಿನಲ್ಲಿ ಬೈಗುಳವಿಲ್ಲದೆ ಬಂದು ಕರೆದೊಯ್ಯುತ್ತೀರಿ ಎಂಬ ಒಪ್ಪಂದವನ್ನು ಶಾಂತವಾಗಿರುವಾಗಲೇ ಮಾಡಿಕೊಳ್ಳಿ. ಮಿದುಳು ಬೆಳೆದಿಲ್ಲ ಎಂಬುದು ಅವನಿಗೆ ರಿಯಾಯಿತಿಯಲ್ಲ, ಕೀಲಿಯನ್ನು ನೀವು ಇಟ್ಟುಕೊಳ್ಳಲು ಕಾರಣ.

ಪ್ರಶ್ನೆ: ನನಗೆ 44. ಓದುವಾಗ ಪುಸ್ತಕವನ್ನು ದೂರ ಹಿಡಿಯುತ್ತೇನೆ; ಬದುಕಿನಲ್ಲಿ ಏನೂ ಸಾಧಿಸಲಿಲ್ಲ ಎನಿಸುತ್ತದೆ. ಇದು ಮಧ್ಯವಯಸ್ಸಿನ ಬಿಕ್ಕಟ್ಟೇ?

ಉತ್ತರ: ಮೊದಲನೆಯದು ಚಾಳೀಸು. ನಲವತ್ತು ಎಂಬ ಅರ್ಥದ ಪದವೇ ಕನ್ನಡಕದ ಹೆಸರಾಗುವಷ್ಟು ಕರಾರುವಾಕ್ಕಾಗಿ ಆ ವಯಸ್ಸಿಗೆ ಕಣ್ಣಿನ ಮಸೂರ ಬಾಗುವ ಗುಣ ಕಳೆದುಕೊಳ್ಳುತ್ತದೆ. ಎರಡನೆಯದಕ್ಕೆ ಅಷ್ಟು ಕರಾರುವಾಕ್ಕಾದ ವೇಳಾಪಟ್ಟಿ ಇಲ್ಲ. ‘ಮಧ್ಯವಯಸ್ಸಿನ ಬಿಕ್ಕಟ್ಟು’ ಎಂಬ ಮಾತನ್ನು 1965ರಲ್ಲಿ ಎಲಿಯಟ್ ಜಾಕ್ಸ್ ಚಲಾವಣೆಗೆ ತಂದರು. ಆಮೇಲಿನ ಸಮೀಕ್ಷೆಗಳಲ್ಲಿ ಅಂಥ ಬಿಕ್ಕಟ್ಟನ್ನು ಅನುಭವಿಸಿದವರು ಅಲ್ಪಸಂಖ್ಯಾತರೇ, ಅವರಲ್ಲಿಯೂ ಹಲವರಿಗೆ ಕಾರಣ ವಯಸ್ಸಲ್ಲ, ಕೆಲಸ ಹೋಗುವುದು, ಸಾವು, ವಿಚ್ಛೇದನದಂಥ ಘಟನೆಗಳು. ನಿಮ್ಮ ಬೇಸರ ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಕೆಲಸಗಳನ್ನು ಕೆಡಿಸುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ; ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ನನಗೆ 76. ಪರಿಚಿತರ ಹೆಸರು ನಾಲಿಗೆಯ ತುದಿಯಲ್ಲೇ ನಿಲ್ಲುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಮಕ್ಕಳು ತಮಾಷೆ ಮಾಡುತ್ತಾರೆ. ಕುರ್ಚಿಯಿಂದ ಏಳಲು ಕೈ ಊರಬೇಕಾಗಿದೆ. ಈ ವಯಸ್ಸಿನಲ್ಲಿ ಇನ್ನು ಬೆಳವಣಿಗೆ ಎಂಬುದುಂಟೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರ ನಾಲ್ಕು ಪುಟಗಳಷ್ಟಿದೆ, ಒಂದು ಕಾಗುಣಿತದ ತಪ್ಪೂ ಇಲ್ಲ. ಅರಳು ಮರಳಿನವರು ಹಾಗೆ ಬರೆಯುವುದಿಲ್ಲ.

ಬುದ್ಧಿ ಎಂಬುದು ಒಂದೇ ವಸ್ತುವಲ್ಲ. ಹೊಸ ಲೆಕ್ಕವನ್ನು ಚಕಚಕನೆ ಬಿಡಿಸುವ ವೇಗ ಮೂವತ್ತರ ನಂತರ ನಿಧಾನವಾಗಿ ಇಳಿಯುತ್ತದೆ. ಶಬ್ದಸಂಪತ್ತು ಅರವತ್ತರವರೆಗೆ, ಕೆಲವರಲ್ಲಿ ಎಪ್ಪತ್ತರವರೆಗೆ ಹೆಚ್ಚುತ್ತದೆ. ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ದಿನ ಪರೀಕ್ಷಿಸಿ ಹೋಲಿಸಿದ ಹಳೆಯ ಅಧ್ಯಯನಗಳಲ್ಲಿ ಕುಸಿತ ಬಹಳ ದೊಡ್ಡದಾಗಿ ಕಂಡಿತ್ತು. ಆದರೆ ಆ ಹಿರಿಯರು ಕಡಿಮೆ ಶಾಲೆ ಕಂಡ ಪೀಳಿಗೆಯವರು. ವಯಸ್ಸಿನ ಪಾಲು ಎಷ್ಟು, ಪೀಳಿಗೆಯ ಪಾಲು ಎಷ್ಟು ಎಂಬುದು ಅದರಲ್ಲಿ ಬೆರೆತುಹೋಗಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ 1956ರಲ್ಲಿ ಆರಂಭಿಸಿ, ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಪರೀಕ್ಷಿಸುತ್ತ ಬಂದಾಗ, ಹೆಚ್ಚಿನ ಸಾಮರ್ಥ್ಯಗಳು ಅರವತ್ತರ ಸಮೀಪದವರೆಗೂ ಗಟ್ಟಿಯಾಗಿ ಉಳಿಯುವುದು ಗೊತ್ತಾಯಿತು. ಗಾದೆ ಕಟ್ಟಿದವರು ಅರವತ್ತನ್ನೇ ಆರಿಸಿದ್ದು ಪ್ರಾಸಕ್ಕಾಗಿ ಎಂದು ನನ್ನ ಗುಮಾನಿ.

ಹೆಸರು ತಡವಾಗಿ ನೆನಪಾಗುವುದು ವಯೋಸಹಜ. ಹೆಸರು ಹೇಳಿದ ಮೇಲೂ ಆ ವ್ಯಕ್ತಿ ಯಾರೆಂದು ತಿಳಿಯದಿರುವುದು, ಪರಿಚಿತ ದಾರಿಯಲ್ಲಿ ಕಳೆದುಹೋಗುವುದು, ಹಣದ ಲೆಕ್ಕ ತಪ್ಪುವುದು ಸಹಜವಲ್ಲ. ಮರೆವನ್ನು ನೀವೇ ಗುರುತಿಸಿ ಚಿಂತಿಸುತ್ತಿದ್ದರೆ ಒಮ್ಮೆ ತಪಾಸಣೆ ಮಾಡಿಸಿ. ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಕಿವಿ ಮಂದವಾಗಿರುವುದು, ಕೆಲವು ನಿದ್ರೆ ಮಾತ್ರೆಗಳು ಇವೆಲ್ಲವೂ ಮರೆವಿನ ವೇಷದಲ್ಲಿ ಬರುತ್ತವೆ.

ಕುರ್ಚಿಯ ವಿಷಯ ನನಗೆ ಹೆಸರಿನ ವಿಷಯಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತೊಡೆಯ ಸ್ನಾಯು ಕರಗಿದಾಗ ಬೀಳುವ ಸಂಭವ ಹೆಚ್ಚುತ್ತದೆ, ಬಿದ್ದವರು ನಡೆಯಲು ಹೆದರುತ್ತಾರೆ, ನಡೆಯದಿದ್ದರೆ ಸ್ನಾಯು ಮತ್ತಷ್ಟು ಕರಗುತ್ತದೆ. ಆದರೆ ಸ್ನಾಯುವಿಗೆ ವಯಸ್ಸಿನ ಹಂಗಿಲ್ಲ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಆರೈಕೆ ಗೃಹವೊಂದರಲ್ಲಿದ್ದ, 86ರಿಂದ 96 ವರ್ಷದ ದುರ್ಬಲ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತರಬೇತಿ ಮುಗಿಸಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಎದೆನೋವು, ಏದುಸಿರಿನ ತೊಂದರೆ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು ಹೀಗೆ ಆರಂಭಿಸಿ: ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ, ಅದರ ಮೇಲೊಂದು ದಪ್ಪ ಮೆತ್ತೆ ಹಾಕಿ ಎತ್ತರ ಮಾಡಿಕೊಳ್ಳಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಎದೆಯನ್ನು ಮುಂದಕ್ಕೆ ಬಾಗಿಸಿ, ಕೈ ಊರದೆ ಏಳಿ. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಿರಿ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಐದು ಬಾರಿ. ಎರಡು ವಾರ ಕಳೆದ ಮೇಲೆ ಮೆತ್ತೆಯನ್ನು ತೆಳ್ಳಗೆ ಮಾಡಿ, ಆಮೇಲೆ ತೆಗೆದುಬಿಡಿ. ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದಿರಿ ಎಂಬುದನ್ನು ತಿಂಗಳಿಗೊಮ್ಮೆ ತಾರೀಕಿನ ಸಮೇತ ಬರೆದಿಡಿ. ನಾಲ್ಕು ತಿಂಗಳ ಅಂಕಿಗಳು ಸೇರಿದ ಮೇಲೆ ಆ ಪುಟವನ್ನು ನಮಗೆ ಕಳುಹಿಸಿ. ಎಂಟು ತಿಂಗಳ ಹುಡುಗಿಯ ಚುಕ್ಕೆಗಳಂತೆ ಅವುಗಳನ್ನೂ ನಕ್ಷೆಯ ಮೇಲೆ ಗುರುತಿಸಿ ನೋಡುತ್ತೇನೆ.